ಜೀಪಿನ ಎರಡು ಪ್ಲೇಟು ತೆಗೆದರು, ಮಂಗಳೂರು ಹತ್ತಿರವಾಯಿತು

ಪೆರ್ಲ: ಜೀಪಿನ ಹಿಂಬದಿಯಲ್ಲಿ ಒಂದರ ಮೇಲೊಂದು ಎರಡು ಹಾಸಿಗೆ ಹಾಸಿದರೂ ಹಂಪು ಬಂದಾಗ ಮೈ ಎತ್ತಿ ಹಾಕುವುದು ತಪ್ಪುತ್ತಿರಲಿಲ್ಲ. ಹಾಸಿಗೆಯಲ್ಲಿ ಮಲಗಿರುವ ಯುವಕನಿಗೆ ಮಾತು ಬಾರದು, ಕುಳಿತುಕೊಳ್ಳಲೂ ಆಗದು. ಆತನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಾಯಿ ಎರಡು ಗಂಟೆಯ ಹಾದಿ ಕಳೆಯುತ್ತಿದ್ದರು. "ನೋವಾದ್ರೆ ಹೇಳ್ಲಿಕ್ಕೆ ಅವನಿಗೆ ಗೊತ್ತಿಲ್ಲ. ನನ್ನ ಕೈ ಗಟ್ಟಿ ಹಿಡ್ಕೊಳ್ತಾನೆ, ಅಷ್ಟೆ. ಅಡ್ಕಸ್ಥಳ ದಾಟುವಾಗ್ಲೇ ಕೈ ಕೆಂಪಾಗಿರ್ತದೆ" ಎನ್ನುತ್ತಾರೆ ಅವರು.

ಎಣ್ಮಕಜೆ ಪಂಚಾಯತಿನ ಗುಡ್ಡದ ಮನೆಗಳಿಗೆ ಇಂತಹ ಪ್ರಯಾಣ ಹೊಸದಲ್ಲ. ಇಲ್ಲಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಲಾಗಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಹೇಳಿತು. ಆದರೆ ಮಲಗಿದಲ್ಲೇ ಬೆಳೆದ ಮಕ್ಕಳನ್ನು ವೈದ್ಯರ ಬಳಿಗೆ ಕರೆದೊಯ್ಯುವ ಕೆಲಸ ಮಾತ್ರ ತಂದೆ ತಾಯಿಗೇ, ಜತೆಗೆ ಊರಿನ ಜೀಪಿನವರಿಗೇ ಉಳಿಯಿತು. ದೊಡ್ಡ ಕಾಯಿಲೆ ಅಂದರೆ ಮಂಗಳೂರು ಎಂಬುದು ಕಾಸರಗೋಡಿನ ಹಳೆಯ ರೂಢಿ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಭಯದಿಂದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಈ ಹಾದಿ ಎಷ್ಟು ಬೇಕಾದದ್ದು ಎಂಬುದು ಎಲ್ಲರಿಗೂ ತಿಳಿಯಿತು.

ಹಾದಿ ತೆರೆದಿದ್ದರೂ ವಾಹನ ಸರಿ ಇರಬೇಕಲ್ಲ? ಈ ಜೀಪಿನ ಕತೆ ಅಲ್ಲಿಂದ ಶುರುವಾಗುತ್ತದೆ.

ಅಪ್ಪನ ಕಾಲದ ಒಂಬತ್ತು ಪ್ಲೇಟು

ಜೀಪು ಓಡಿಸುವವರು ಅದೇ ಊರಿನವರು. ಅವರ ತಂದೆ ಸರ್ವಿಸ್ ಜೀಪು ಓಡಿಸಿದವರು. ಬಸ್ಸು ಬಾರದ ಗುಡ್ಡಗಳಿಗೆ ಜೀಪೇ ಗತಿಯಾಗಿದ್ದ ಕಾಲವದು. ಒಳಗೆ ಹತ್ತು ಹನ್ನೆರಡು ಮಂದಿ, ಹಿಂದಿನ ಮೆಟ್ಟಿಲಲ್ಲಿ ನಾಲ್ಕು ಮಂದಿ, ಮೇಲೆ ಅಡಿಕೆ ಗೋಣಿ. ಅಷ್ಟು ಭಾರಕ್ಕೆ ಹಿಂಬದಿ ಕುಸಿಯುತ್ತದೆಂದು ಆ ಕಾಲದಲ್ಲೇ ಹಿಂದಿನ ಪ್ಲೇಟ್ ಸೆಟ್ಟಿಗೆ ಎರಡೆರಡು ಪ್ಲೇಟು ಹೆಚ್ಚಿಗೆ ಸೇರಿಸಿದ್ದರು. ಏಳಿದ್ದದ್ದು ಒಂಬತ್ತಾಯಿತು.

ಆಮೇಲೆ ಊರಿಗೆ ಬಸ್ಸು ಬಂತು, ಮನೆಗೊಂದು ಬೈಕು ಬಂತು. ಸರ್ವಿಸ್ ನಿಂತಿತು. ಜೀಪು ಮಗನ ಕೈಗೆ ಬಂದು ಬಾಡಿಗೆಗೆ ಓಡತೊಡಗಿತು. ಒಂಬತ್ತು ಪ್ಲೇಟು ಹಾಗೆಯೇ ಉಳಿಯಿತು. "ನಾಲ್ಕು ಜನ ಕೂತ್ರೆ ಜೀಪು ಆಡಿನ ಮರಿ ಹಾಗೆ ಹಾರ್ತಿತ್ತು. ಜೀಪು ಅಂದ್ರೆ ಹಾಗೇ ಅಂತ ನಾವು ಗ್ರೇಶಿದ್ದು" ಎಂದು ಅವರು ನಗುತ್ತಾರೆ.

ಯುವಕನ ಬಾಡಿಗೆ ತಿಂಗಳಿಗೊಮ್ಮೆ ಸಿಗತೊಡಗಿದ ಮೇಲೆ ನಗು ನಿಂತಿತು. ಒಂದು ದಿನ ವಿಟ್ಲದ ಹತ್ತಿರ ಗುಂಡಿಗೆ ಚಕ್ರ ಇಳಿದಾಗ ಹುಡುಗ ಕಿರುಚಿದ್ದು ಅವರಿಗೆ ಈಗಲೂ ಕಿವಿಯಲ್ಲಿದೆ. ತಾಯಿ ಮಾತ್ರ "ಪರವಾಗಿಲ್ಲ ಅಣ್ಣ, ನೀವು ಮೆಲ್ಲ ಹೋಗಿ" ಎಂದರಂತೆ. ಮರುದಿನವೇ ಅವರು ಬದಿಯಡ್ಕದ ಕಡೆಗೆ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದರು.

ಗ್ಯಾಸ್ ಶಾಕ್ ಬೇಡ, ಮೊದಲು ಬುಶ್ ನೋಡಿ

ಅವರ ಮನಸ್ಸಿನಲ್ಲಿದ್ದದ್ದು ಬೆಲೆಬಾಳುವ ಗ್ಯಾಸ್ ಶಾಕ್ ಅಬ್ಸಾರ್ಬರ್. ನಾಲ್ಕು ಚಕ್ರಕ್ಕೂ ಹೊಸ ಶಾಕ್ ಹಾಕಿದರೆ ಕಾರಿನ ಹಾಗೆ ಹೋಗುತ್ತದೆ ಎಂದು ಯಾರೋ ಹೇಳಿದ್ದರು. ಪ್ಲೇಟ್ ಕೆಲಸದ ಮೇಸ್ತ್ರಿ ಜೀಪಿನ ಅಡಿಗೆ ಹೋಗಿ ಟಾರ್ಚ್ ಬಿಟ್ಟು ನೋಡಿ ಹೊರಬಂದು ಹೇಳಿದ್ದು ಬೇರೆಯೇ. "ಶಾಕ್ ಆಮೇಲೆ ಹಾಕುವ. ಮೊದಲು ಇದ್ರ ಪ್ಲೇಟು ಆಡ್ಬೇಕಲ್ಲ ಮಾರಾಯ್ರೆ! ಇದು ಸ್ಪ್ರಿಂಗ್ ಅಲ್ಲ, ಕಬ್ಬಿಣದ ಕಟ್ಟ." ಮಾತುಕತೆ ಅರ್ಧ ತುಳು, ಅರ್ಧ ಮಲಯಾಳದಲ್ಲಿ ನಡೆಯಿತು. ಪ್ಲೇಟಿಗೆ ಮಾತ್ರ ಈ ಊರಿನಲ್ಲಿ ಎಲ್ಲ ಭಾಷೆಯಲ್ಲೂ ಪ್ಲೇಟೇ.

ಪ್ಲೇಟ್ ಸೆಟ್ಟಿನ ಲೆಕ್ಕ ಸರಳ. ಒಂದೇ ದಪ್ಪದ ಏಳು ಪ್ಲೇಟಿಗೆ ಎರಡು ಸೇರಿಸಿದರೆ ಗಡಸುತನ ಸುಮಾರು ಕಾಲು ಭಾಗಕ್ಕಿಂತ ಹೆಚ್ಚಾಗುತ್ತದೆ. ದಪ್ಪದ ಪ್ಲೇಟು ಹಾಕಿದರಂತೂ ಇನ್ನೂ ಹೆಚ್ಚು. 6 ಮಿಲಿಮೀಟರಿನ ಜಾಗದಲ್ಲಿ 8 ಮಿಲಿಮೀಟರಿನ ಪ್ಲೇಟು ಬಂದರೆ ಅದೊಂದು ಪ್ಲೇಟಿನ ಗಡಸು ಎರಡು ಪಟ್ಟಿಗೂ ಮಿಗಿಲು. ಭಾರ ಇದ್ದಾಗ ಅದು ಬೇಕು. ಭಾರ ಇಲ್ಲದಾಗ ಪ್ಲೇಟು ಬಗ್ಗುವುದೇ ಇಲ್ಲ, ಗುಂಡಿಯ ಪೆಟ್ಟು ನೇರ ಸೀಟಿಗೆ ಬರುತ್ತದೆ.

ಮತ್ತೊಂದು ಸಂಗತಿ ತುಕ್ಕು. ಪ್ಲೇಟುಗಳು ಬಗ್ಗುವಾಗ ಒಂದರ ಮೇಲೊಂದು ಜಾರಬೇಕು. ನಮ್ಮ ಮಳೆಗಾಲದ ಕೆಸರು ನುಗ್ಗಿ ತುಕ್ಕು ಹಿಡಿದರೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸಣ್ಣ ಗುಂಡಿಗೆ ಜಾರುವುದೇ ಇಲ್ಲ, ದೊಡ್ಡ ಗುಂಡಿಗೆ ಒಮ್ಮೆಲೇ ಜಾರುತ್ತವೆ. ಅದಕ್ಕೆಂದು ಹಲವರು ಕರಿ ಆಯಿಲ್ ಹೊಡೆಸುತ್ತಾರೆ. ಆದರೆ ಆಯಿಲ್ ರಬ್ಬರ್ ಬುಶ್ಶನ್ನು ಮೆತ್ತಗೆ ಮಾಡಿ ಹಾಳುಮಾಡುತ್ತದೆ, ಬ್ರೇಕ್ ಡ್ರಮ್ಮಿಗೆ ಹಾರಿದರೆ ಅಪಾಯವೂ ಹೌದು.

ಪ್ಲೇಟಿನ ಎರಡು ತುದಿಯಲ್ಲಿರುವ ಬುಶ್ ಸವೆದರೆ ಬರೇ ಕಟಕಟ ಶಬ್ದವಲ್ಲ. ಹಿಂದಿನ ಆಕ್ಸಲ್ ತುಸು ಹಿಂದೆ ಮುಂದೆ ಸರಿಯುತ್ತದೆ. ಸ್ಟಿಯರಿಂಗ್ ನೇರ ಹಿಡಿದಿದ್ದರೂ ತಿರುವಿನಲ್ಲಿ ಗಾಡಿ ಬಾಲ ಆಡಿಸುತ್ತದೆ. ಈ ಜೀಪಿನಲ್ಲಿ ಒಂದು ಬುಶ್ಶಿನ ರಬ್ಬರೇ ಇರಲಿಲ್ಲ.

ಏನೇನು ಮಾಡಿದರು?

ಮೇಸ್ತ್ರಿ ಪ್ಲೇಟ್ ಸೆಟ್ಟುಗಳನ್ನು ಕಳಚಿದರು. ಸೇರಿಸಿದ್ದ ಎರಡೆರಡು ಪ್ಲೇಟು ತೆಗೆದು ಕಂಪನಿಯ ಲೆಕ್ಕಕ್ಕೆ ತಂದರು. ಉಳಿದವನ್ನು ವಯರ್ ಬ್ರಶ್ಶಿನಿಂದ ಉಜ್ಜಿ, ಬಿರುಕು ಇದೆಯೇ ಎಂದು ನೋಡಿ, ನಡುವೆ ಗ್ರಾಫೈಟ್ ಗ್ರೀಸ್ ಸವರಿದರು. ಒಂದು ಮೈನ್ ಪ್ಲೇಟ್ ಕಮಾನು ಕಳೆದುಕೊಂಡು ಚಪ್ಪಟೆಯಾಗಿತ್ತು. ಅದನ್ನು ತಣ್ಣಗಿರುವಾಗಲೇ ಬಡಿದು ಬಗ್ಗಿಸಿದರೆ ಕೆಲವೇ ದಿನಗಳಲ್ಲಿ ಪುನಃ ಕುಸಿಯುತ್ತದೆ ಎಂದು ಹೊಸತೇ ಹಾಕಿಸಿದರು. ಬುಶ್, ಶ್ಯಾಕಲ್ ಪಿನ್, ಸೆಂಟರ್ ಬೋಲ್ಟ್, ಯು-ಬೋಲ್ಟ್ ಎಲ್ಲ ಹೊಸತು.

ಶಾಕ್ ಕೊನೆಗೆ ಬಂತು. ಎರಡರಲ್ಲಿ ಆಯಿಲ್ ಸೋರಿ ಕೈಯಲ್ಲಿ ಎಳೆದರೆ ಪಿಚಕಾರಿಯಷ್ಟೂ ಬಿಗಿ ಇರಲಿಲ್ಲ. ಪ್ಲೇಟು ಕಡಿಮೆಯಾದ ಮೇಲೆ ಶಾಕಿನ ಕೆಲಸ ಹೆಚ್ಚು. ಸ್ಪ್ರಿಂಗ್ ಪೆಟ್ಟನ್ನು ನುಂಗುತ್ತದೆ, ನುಂಗಿದ್ದನ್ನು ಪುನಃ ಉಗುಳದಂತೆ ತಡೆಯುವುದು ಶಾಕ್. ಅದಿಲ್ಲದೆ ಮೆತ್ತಗಿನ ಪ್ಲೇಟು ಮಾತ್ರ ಇದ್ದರೆ ಗಾಡಿ ದೋಣಿಯಂತೆ ತೇಲಾಡುತ್ತದೆ, ರೋಗಿಗೆ ವಾಂತಿ ಬರುತ್ತದೆ, ತಿರುವಿನಲ್ಲಿ ವಾಲುತ್ತದೆ. ಗ್ಯಾಸಿನದ್ದು ಬೇಡವೆಂದು ಕಂಪನಿಯ ಅಳತೆಯ ಸಾದಾ ಶಾಕನ್ನೇ ನಾಲ್ಕೂ ಕಡೆಗೆ ಹಾಕಿದರು.

ಇನ್ನೂ ಎರಡು ಪ್ಲೇಟು ತೆಗೆಯೋಣವೇ ಎಂದು ಚಾಲಕರು ಕೇಳಿದ್ದಕ್ಕೆ ಮೇಸ್ತ್ರಿ ಒಪ್ಪಲಿಲ್ಲ. "ಅತಿ ಮೆತ್ತಗಾದ್ರೆ ಘಾಟಿಲಿ ನಿಮ್ಗೆ ಹಿಡಿತ ಸಿಗ್ಲಿಕ್ಕಿಲ್ಲ. ಗುಂಡಿಗೆ ಬಿದ್ರೆ ಆಕ್ಸಲ್ ಚಾಸಿಗೆ ಹೊಡಿತದೆ. ಆಗ ಹುಡುಗನಿಗೆ ಈಗಿಂದ ಜಾಸ್ತಿ ಪೆಟ್ಟು." ಸುಖ ಮತ್ತು ಹಿಡಿತ ಎರಡೂ ಒಂದೇ ತಕ್ಕಡಿಯ ತಟ್ಟೆಗಳು. ಸಾಗಿಸುವ ಭಾರಕ್ಕೆ ಸರಿಯಾದ ಪ್ಲೇಟು, ಪ್ಲೇಟಿಗೆ ಸರಿಯಾದ ಶಾಕ್, ಇಷ್ಟು ಹೊಂದಿದರೆ ಮಾತ್ರ ತಕ್ಕಡಿ ನಿಲ್ಲುತ್ತದೆ.

ಪ್ಯಾರಾಬೋಲಿಕ್ ಎಂಬ ಹೊಸ ಬಗೆಯ ಪ್ಲೇಟುಗಳೂ ಉಂಟು. ಇವು ನಡುವೆ ದಪ್ಪ, ತುದಿಗೆ ತೆಳು. ಎರಡು ಮೂರು ಪ್ಲೇಟಿನಲ್ಲೇ ಕೆಲಸ ಮುಗಿಯುತ್ತದೆ, ಒಂದಕ್ಕೊಂದು ಹೆಚ್ಚು ತಾಗುವುದಿಲ್ಲವಾದ್ದರಿಂದ ತಿಕ್ಕಾಟ ಕಡಿಮೆ. ತಿಕ್ಕಾಟ ಇಲ್ಲವೆಂದರೆ ಒಳ್ಳೆಯ ಶಾಕ್ ಇರಲೇಬೇಕು. ಹಳೆ ಜೀಪಿಗೆ ಹೊಂದುವುದನ್ನು ಹುಡುಕಿ ಹಾಕಿಸುವುದು ಖರ್ಚಿನ ಬಾಬ್ತು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ್ದಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತಪಡಿಸಿತು. ಸವೆದ ಬುಶ್, ಶಾಕ್, ಪ್ಲೇಟಿನ ಬದಲಿಗೆ ಅದೇ ಅಳತೆಯದ್ದನ್ನು ಹಾಕುವುದು ದುರಸ್ತಿ ಮಾತ್ರ. ಗಾಡಿಯ ಎತ್ತರ ಬದಲಿಸುವುದು, ಬೇರೆ ಬಗೆಯ ಸಸ್ಪೆನ್ಶನ್ ಕೂರಿಸುವುದು ಹಾಗಲ್ಲ. ಅಂಥದ್ದಕ್ಕೆ ಕೈಹಾಕುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಅಡಿಕೆ ಗೋಣಿಯ ಬಾಡಿಗೆ ಹೋಯಿತು

ಕೆಲಸ ಮುಗಿದ ಮೇಲೆ ಮೇಸ್ತ್ರಿ ಒಂದು ಷರತ್ತು ಹಾಕಿದ್ದರು: ಇನ್ನು ಮೇಲೆ ಅಡಿಕೆ ಗೋಣಿ, ಕೆಂಪುಕಲ್ಲು ಹೇರಬಾರದು. ಅತಿ ಭಾರ ಹೇರಿದರೆ ಪ್ಲೇಟು ಚಪ್ಪಟೆಯಾಗಿ ಮೊದಲಿನಂತಾಗುತ್ತದೆ, ಇಲ್ಲವೇ ದಾರಿಯಲ್ಲೇ ತುಂಡಾಗುತ್ತದೆ. ಚಾಲಕರಿಗೆ ಇದು ಸಣ್ಣ ಮಾತಾಗಿರಲಿಲ್ಲ. ಅಡಿಕೆ ಸೀಸನ್ನಿನಲ್ಲಿ ಗೋಣಿಯ ಬಾಡಿಗೆಯೇ ಅವರ ಕೈ ಹಿಡಿಯುತ್ತಿದ್ದದ್ದು. ರೋಗಿಯ ಬಾಡಿಗೆ ತಿಂಗಳಿಗೊಂದು, ಅದರಲ್ಲೂ ಡೀಸೆಲಿನ ಹಣ ಮಾತ್ರ ತೆಗೆದುಕೊಳ್ಳುತ್ತಾರೆ.

ಎರಡು ದಿನ ಯೋಚಿಸಿದರಂತೆ. ಮನೆಯಲ್ಲೂ ಚರ್ಚೆ ಆಯಿತು. ಕೊನೆಗೆ ಗೋಣಿಯನ್ನು ನೆರೆಯ ಪಿಕಪ್ಪಿನವರಿಗೆ ಬಿಟ್ಟುಕೊಟ್ಟರು. ಬದಲಿಗೆ ಮದುವೆ, ಪೂಜೆಯ ಬಾಡಿಗೆ ಸ್ವಲ್ಪ ಹೆಚ್ಚಾಗಿದೆ. ಹಿಂದಿನ ಸೀಟಿನಲ್ಲಿ ಕೂರಲು ಹೆದರುತ್ತಿದ್ದ ಅಜ್ಜಿಯಂದಿರು ಈಗ ಹತ್ತುತ್ತಾರೆ. "ಲೆಕ್ಕ ಹಾಕಿದ್ರೆ ನಷ್ಟವೇ. ಆದ್ರೆ ಅಪ್ಪನ ಜೀಪಿಗೆ ಅಪ್ಪನ ಕಾಲದ ಭಾರ ಈಗ ಇಲ್ವಲ್ಲ" ಎನ್ನುತ್ತಾರೆ ಅವರು. ತೆಗೆದ ನಾಲ್ಕು ಪ್ಲೇಟು ಕೊಟ್ಟಿಗೆಯ ಮೂಲೆಯಲ್ಲಿವೆ. ಒಂದರಿಂದ ಕತ್ತಿ ಮಾಡಿಸಬೇಕೆಂದಿದ್ದಾರೆ.

ಹೊಸ ಪ್ಲೇಟಿನ ಮೊದಲ ಪ್ರಯಾಣದಲ್ಲಿ ಸಾರಡ್ಕ, ಅಡ್ಯನಡ್ಕ ದಾಟಿ ವಿಟ್ಲಕ್ಕೆ ಬಂದಾಗ ಚಾಲಕರು ಕನ್ನಡಿಯಲ್ಲಿ ಹಿಂದೆ ನೋಡಿದರು. ತಾಯಿ ಒರಗಿಕೊಂಡು ತೂಕಡಿಸುತ್ತಿದ್ದರು. ಏನಾಯಿತೆಂದು ಕೇಳಿದರೆ "ಅವನೇ ನಿದ್ದೆ ಮಾಡಿದ ಅಣ್ಣ. ಮತ್ತೆ ನಾನೂ ಮಲಗಿದೆ" ಎಂದರಂತೆ. ರಸ್ತೆಯ ಗುಂಡಿಗಳು ಅಲ್ಲೇ ಇವೆ, ಹಂಪುಗಳೂ ಇವೆ. ದೊಡ್ಡದಕ್ಕೆ ಈಗಲೂ ಹುಡುಗ ಕೈ ಹಿಡಿಯುತ್ತಾನೆ, ಆದರೆ ಮಂಗಳೂರು ಮುಟ್ಟುವಾಗ ತಾಯಿಯ ಕೈ ಕೆಂಪಾಗಿರುವುದಿಲ್ಲ.

ಜೀಪು, ವ್ಯಾನಿನವರು ಗಮನಿಸಿ

* ಗಾಡಿ ಕುಲುಕುತ್ತದೆ ಎಂದಾಗ ಮೊದಲು ಟಯರಿನ ಗಾಳಿ ನೋಡಿ. ಹೆಚ್ಚು ಗಾಳಿ ಇದ್ದರೂ ಪೆಟ್ಟು ಹೆಚ್ಚು. ಕಡಿಮೆ ಮಾಡಿದರೆ ಸುಖ ಎಂದು ಅಳತೆಗಿಂತ ಕೆಳಗೆ ಇಳಿಸಬೇಡಿ.

* ವ್ಯಾನ್, ಕಾರುಗಳಲ್ಲಿ ಒಂದು ಮೂಲೆಯನ್ನು ಗಟ್ಟಿಯಾಗಿ ಒತ್ತಿ ಬಿಡಿ. ಒಮ್ಮೆ ಎದ್ದು ನಿಂತರೆ ಶಾಕ್ ಸರಿ, ಎರಡು ಮೂರು ಬಾರಿ ಕುಣಿದರೆ ಹೋಗಿದೆ. ಹಳೆ ಜೀಪಿನ ಗಡಸು ಪ್ಲೇಟಿಗೆ ಈ ಪರೀಕ್ಷೆ ಸಾಲದು, ಆಯಿಲ್ ಸೋರಿದೆಯೇ ನೋಡಬೇಕು.

* ಶಾಕನ್ನು ಒಂದೇ ಬದಲಿಸಬೇಡಿ. ಮುಂದಿನದ್ದಾದರೆ ಎರಡೂ, ಹಿಂದಿನದ್ದಾದರೆ ಎರಡೂ ಒಟ್ಟಿಗೆ.

* ತುಂಡಾದ ಪ್ಲೇಟಿಗೆ ವೆಲ್ಡಿಂಗ್ ಬೇಡ. ಬಿಸಿಗೆ ಉಕ್ಕಿನ ಹದ ಕೆಟ್ಟು ಪಕ್ಕದಲ್ಲೇ ಪುನಃ ತುಂಡಾಗುತ್ತದೆ.

* ಪ್ಲೇಟ್ ಕೆಲಸ ಮಾಡಿಸಿದ ಕೆಲವು ನೂರು ಕಿಲೋಮೀಟರ್ ಬಳಿಕ ಯು-ಬೋಲ್ಟುಗಳನ್ನು ಪುನಃ ಬಿಗಿ ಮಾಡಿಸಿ.

* ಓಮ್ನಿಯ ತಯಾರಿ 2019ರಲ್ಲಿ ನಿಂತಿದೆ. ಅದರ ಹಿಂಬದಿಯೂ ಪ್ಲೇಟಿನದ್ದೇ ಆದ್ದರಿಂದ ಬುಶ್, ತುಕ್ಕಿನ ಮಾತು ಅದಕ್ಕೂ ಅನ್ವಯ.

* ರೋಗಿಯನ್ನು ಮಲಗಿಸುವಾಗ ತಲೆಯನ್ನು ಹಿಂದಿನ ಆಕ್ಸಲಿನಿಂದ ಆದಷ್ಟು ಮುಂದಕ್ಕೆ, ಗಾಡಿಯ ನಡುಭಾಗಕ್ಕೆ ಬರುವಂತೆ ಇರಿಸಿ. ಕುಲುಕಾಟ ಅಲ್ಲಿ ಕಡಿಮೆ.