ನಿಮಗಿದು ಗೊತ್ತೆ? ಮೈಮೇಲೆ ಬಂದ ದೇವರು ಮತ್ತು ‘ಎಂಥೂಸಿಯಾಸಂ’

‘ಆ ಹುಡುಗನಿಗೆ ತುಂಬ ಎಂಥೂಸಿಯಾಸಂ’ ಎಂದು ಮೆಚ್ಚಿ ಹೇಳುತ್ತೇವೆ. ಆದರೆ ಈ ಪದದ ಮೂಲದಲ್ಲಿ ಇರುವುದು ಬರೀ ಹುರುಪಲ್ಲ, ಸಾಕ್ಷಾತ್ ದೇವರು! ಗ್ರೀಕಿನ ‘ಎನ್’ ಎಂದರೆ ಒಳಗೆ, ‘ಥಿಯೋಸ್’ ಎಂದರೆ ದೇವರು. ದೇವರು ಒಳಹೊಕ್ಕವನ ಸ್ಥಿತಿಯೇ ‘ಎಂಥೂಸಿಯಾಸ್ಮೋಸ್’.

ಇದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯವರಿಗೆ ಬಿಡಿಸಿ ಹೇಳಬೇಕಾದ ಸಂಗತಿಯೇ ಅಲ್ಲ. ಗ್ರಾಮದೇವತೆಯ ಹಬ್ಬದಲ್ಲಿ ತಮಟೆ ಏರುತ್ತಿದ್ದಂತೆ ‘ಮೈಮೇಲೆ ಅಮ್ಮ ಬಂದಳು’ ಎನ್ನುತ್ತಾರಲ್ಲ, ಪ್ರಾಚೀನ ಗ್ರೀಕರು ಹೇಳುತ್ತಿದ್ದದ್ದೂ ಅದನ್ನೇ. ಆಷಾಢದಲ್ಲಿ ರಾಮನಗರದ ಚಾಮುಂಡೇಶ್ವರಿ ಕರಗ ನೋಡಿದವರಿಗೆ ಆ ಪದದ ಹಳೆಯ ಬಿಸಿ ತಟ್ಟನೆ ಅರ್ಥವಾದೀತು. ನಮ್ಮ ‘ಆವೇಶ’ವೂ ಹೀಗೆಯೇ: ಸಂಸ್ಕೃತದ ‘ವಿಶ್’ ಧಾತುವಿಗೆ ಒಳಹೊಗು ಎಂದೇ ಅರ್ಥ.

ಇಂಗ್ಲಿಷಿಗೆ ಈ ಪದ ಬಂದದ್ದು 1600ರ ಆಸುಪಾಸಿನಲ್ಲಿ. ಅಚ್ಚರಿಯೆಂದರೆ, ಬಹುಕಾಲ ಅದು ಬೈಗುಳವಾಗಿತ್ತು. ದೇವರು ನೇರವಾಗಿ ತನ್ನೊಡನೆ ಮಾತಾಡುತ್ತಾನೆಂದು ಭ್ರಮಿಸುವುದಕ್ಕೆ ಆ ಹೆಸರು. ತತ್ತ್ವಜ್ಞಾನಿ ಜಾನ್ ಲಾಕ್ 1700ರಲ್ಲಿ ತನ್ನ ಗ್ರಂಥದ ನಾಲ್ಕನೆಯ ಆವೃತ್ತಿಗೆ ಇದನ್ನು ಖಂಡಿಸುವ ಅಧ್ಯಾಯವನ್ನೇ ಸೇರಿಸಿದ. 1755ರ ಸ್ಯಾಮ್ಯುಯೆಲ್ ಜಾನ್ಸನ್‌ನ ನಿಘಂಟಿನಲ್ಲೂ ಮೊದಲ ಅರ್ಥ ನಿಂದೆಯದೇ. ಕ್ರೈಸ್ತ ಧರ್ಮಬೋಧಕ ಜಾನ್ ವೆಸ್ಲಿಯ ಅನುಯಾಯಿಗಳನ್ನು ಟೀಕಾಕಾರರು ಇದೇ ಪದದಿಂದ ಹಳಿದರು. ಹಾಗೆ ಹಳಿಸಿಕೊಂಡ ಪಂಥದ ಮಿಷನ್ನೇ ಮುಂದೆ ಮೈಸೂರಿಗೆ ಬಂದು, 1887ರಲ್ಲಿ ‘ವೃತ್ತಾಂತ ಪತ್ರಿಕೆ’ ಎಂಬ ಕನ್ನಡ ವಾರಪತ್ರಿಕೆಯನ್ನು ಆರಂಭಿಸಿತು.