ಲ್ಯಾಪ್‌ಟಾಪ್ ನಿಮ್ಮದು, ಖಾತೆ ಯಾರದು?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೇಳಿ ನೋಡಿ. ‘ಕಂಪನಿ ಮಾಲು ಸರ್, ಟಾಪ್ ಕಂಡೀಷನ್’ ಎನ್ನುತ್ತಾರೆ. ಎಷ್ಟೋ ಸಲ ಅದು ನಿಜವೇ. ಐ.ಟಿ. ಕಂಪನಿಗಳು ಕೆಲವು ವರ್ಷ ಬಳಸಿದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳನ್ನು ಲಾಟ್‌ಗಟ್ಟಲೆ ವಿಲೇವಾರಿ ಮಾಡುತ್ತವೆ. ಗಟ್ಟಿಮುಟ್ಟಾದ ಯಂತ್ರಗಳು; ಕಾಲೇಜು ಮಕ್ಕಳ ಕೈಗೆಟಕುವ ಬೆಲೆ. ತೊಡಕು ಕಾಣಿಸಿಕೊಳ್ಳುವುದು ಮನೆಗೆ ತಂದು ಒಮ್ಮೆ ರೀಸೆಟ್ ಮಾಡಿ ವೈಫೈ ಕೊಟ್ಟಾಗ. ಪರದೆಯ ಮೇಲೆ ಯಾವುದೋ ಕಂಪನಿಯ ಹೆಸರು ಮೂಡಿ, ಆಫೀಸಿನ ಇಮೇಲ್ ಮತ್ತು ಪಾಸ್‌ವರ್ಡ್ ಕೊಡಿ ಎನ್ನುತ್ತದೆ.

‘ಫಾರ್ಮ್ಯಾಟ್ ಹೊಡೆದರೆ ಹೋಗುತ್ತೆ’ ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ಹಳೆಯ ಬಳಕೆದಾರರ ಅಕೌಂಟು, ಡಿಸ್ಕಿನಲ್ಲಿ ಉಳಿದ ಕಚೇರಿಯ ನಿಯಮಗಳು ಇವಿಷ್ಟೇ ಆಗಿದ್ದರೆ ಸಲಹೆ ಸರಿ. ಮೈಕ್ರೋಸಾಫ್ಟ್ ತಾಣದಿಂದ ಪೆನ್‌ಡ್ರೈವ್‌ಗೆ ವಿಂಡೋಸ್ ಇಳಿಸಿಕೊಂಡು, ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿದರೆ ಸಾಕು. ಲೈಸೆನ್ಸ್ ಸಾಮಾನ್ಯವಾಗಿ ಮದರ್‌ಬೋರ್ಡಿಗೇ ಅಂಟಿಕೊಂಡಿರುವುದರಿಂದ ಮತ್ತೆ ದುಡ್ಡು ಕೊಡಬೇಕಾಗಿಲ್ಲ. ಆದರೆ ಆಟೋಪೈಲಟ್ ಎಂಬ ವ್ಯವಸ್ಥೆಯಲ್ಲಿ ಯಂತ್ರದ ಗುರುತು ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ ಕಂಪನಿಯ ಹೆಸರಿಗೆ ನೋಂದಣಿಯಾಗಿರುತ್ತದೆ. ಮನೆಗೆ ಸುಣ್ಣ ಬಳಿದರೆ ಖಾತೆ ಬದಲಾಗುತ್ತದೆಯೇ? ಇಲ್ಲೂ ಅಷ್ಟೆ. ಕೆಲವು ಅಂಗಡಿಗಳಲ್ಲಿ ನೆಟ್ ಕೊಡದೆ ವಿಂಡೋಸ್ ಹಾಕಿ ಮಾರುತ್ತಾರೆ. ಮುಂದಿನ ರೀಸೆಟ್‌ವರೆಗೆ ಎಲ್ಲ ಸುಸೂತ್ರ.

ಮ್ಯಾಕ್‌ಬುಕ್‌ನಲ್ಲಿ ಬಿಗಿ ಇನ್ನೂ ಹೆಚ್ಚು. ಟಿ2 ಚಿಪ್ ಇರುವ ಮತ್ತು ಆಮೇಲಿನ ಆ್ಯಪಲ್ ಚಿಪ್‌ನ ಯಂತ್ರಗಳಲ್ಲಿ ಯಂತ್ರವನ್ನು ಮಾಲೀಕರ ಖಾತೆಗೆ ಕಟ್ಟಿಹಾಕುವ ಆಕ್ಟಿವೇಶನ್ ಲಾಕ್ ಇರಬಹುದು. ಅದನ್ನು ಬಿಡಿಸುವುದು ಹಳೆಯ ಮಾಲೀಕರಿಗೆ ಮಾತ್ರ ಸುಲಭ: ಐಕ್ಲೌಡ್‌ಗೆ ಲಾಗಿನ್ ಆಗಿ ಆ ಮ್ಯಾಕನ್ನು ತಮ್ಮ ಪಟ್ಟಿಯಿಂದ ತೆಗೆದರಾಯಿತು. ಯಂತ್ರ ನಿಮ್ಮ ಬಳಿ ಇದ್ದು, ಅವರು ಅಮೆರಿಕದಲ್ಲಿದ್ದರೂ ಆಗುತ್ತದೆ. ಕಂಪನಿಯ ಮ್ಯಾಕ್ ಆಗಿದ್ದರೆ ಅದರ ಐ.ಟಿ. ವಿಭಾಗವೇ ಬಿಡುಗಡೆ ಮಾಡಬೇಕು.

ಇನ್ನೊಂದು ತೊಡಕು, ವಿಂಡೋಸ್‌ಗೂ ಮೊದಲು ಓಡುವ ಬಯಾಸ್‌ನ ಪಾಸ್‌ವರ್ಡ್. ಒಳಗಿನ ಚಿಕ್ಕ ಬ್ಯಾಟರಿ ಕಿತ್ತು ಹಾಕಿದರೆ ಪಾಸ್‌ವರ್ಡ್ ಮರೆಯುತ್ತದೆ ಎಂಬುದು ಹಳೆಯ ಡೆಸ್ಕ್‌ಟಾಪ್ ಕಾಲದ ಮಾತು. ಥಿಂಕ್‌ಪ್ಯಾಡ್‌ನಂಥ ಯಂತ್ರಗಳಲ್ಲಿ ಅದು ಕರೆಂಟ್ ಇಲ್ಲದೆಯೂ ನೆನಪು ಉಳಿಸಿಕೊಳ್ಳುವ ಚಿಪ್‌ನಲ್ಲಿರುತ್ತದೆ. ಬಯಾಸ್‌ನ ಈ ಸೂಪರ್‌ವೈಸರ್ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಥಿಂಕ್‌ಪ್ಯಾಡ್ ತಯಾರಿಸುವ ಲೆನೊವೊ ಕೊಡುವ ಅಧಿಕೃತ ಪರಿಹಾರ ಒಂದೇ, ಮದರ್‌ಬೋರ್ಡ್ ಬದಲಿಸುವುದು. ಆ ಖರ್ಚಿನ ಮುಂದೆ ಅಗ್ಗದ ಖರೀದಿ ಅಗ್ಗವಾಗಿ ಉಳಿಯುವುದಿಲ್ಲ.

ಇಷ್ಟು ಸತಾಯಿಸುವುದೇಕೆ ಎಂದು ಸಿಟ್ಟು ಬರುವುದು ಸಹಜ. ಆದರೆ ಇದೇ ಲಾಕ್ ಬಸ್ಸಿನಲ್ಲಿ ಕಳೆದುಹೋದ ಲ್ಯಾಪ್‌ಟಾಪನ್ನು ಕಳ್ಳನಿಗೆ ನಿರುಪಯೋಗಿ ಮಾಡುತ್ತದೆ. ಪಾಸ್‌ವರ್ಡ್ ತೆಗೆದುಕೊಡುವುದಾಗಿ ಬೋರ್ಡ್ ಹಾಕಿಕೊಂಡವರ ಮೊರೆಹೋಗುವ ಮುಂಚೆ ಒಂದು ವಿಷಯ ತಿಳಿದಿರಲಿ: ಕದ್ದ ಮಾಲೆಂದು ಗೊತ್ತಿದ್ದೂ ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲಾಗಬಹುದು. ಬಿಲ್ ಇಲ್ಲದ, ಲಾಕ್ ಇರುವ ಯಂತ್ರದ ಬಗ್ಗೆ ಅನುಮಾನ ಪಡಲು ಬೇರೆ ಕಾರಣ ಬೇಕೆ?

ಹಾಗಾಗಿ ಪರೀಕ್ಷೆಯೆಲ್ಲ ದುಡ್ಡು ಎಣಿಸುವ ಮೊದಲೇ ಆಗಬೇಕು. ಯಂತ್ರ ಆನ್ ಮಾಡಿ ಬಯಾಸ್‌ಗೆ ಹೋಗಿ. ಡೆಲ್‌ನಲ್ಲಿ ಎಫ್2, ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಎಚ್‌ಪಿಯಲ್ಲಿ ಎಫ್10. ಪಾಸ್‌ವರ್ಡ್ ಕೇಳಿದರೆ ಅಲ್ಲೇ ಕೈಮುಗಿಯಿರಿ. ಬಳಿಕ ಪೂರ್ತಿ ರೀಸೆಟ್ ಮಾಡಿಸಿ, ನಿಮ್ಮ ಮೊಬೈಲ್‌ನ ಹಾಟ್‌ಸ್ಪಾಟ್ ಕೊಟ್ಟು, ಡೆಸ್ಕ್‌ಟಾಪ್ ಕಾಣುವವರೆಗೆ ಕಾಯಿರಿ. ಗಂಟೆ ಹಿಡಿಯಬಹುದು, ಅಂಗಡಿಯವರು ಗೊಣಗಬಹುದು. ಗೊಣಗಲಿ. ಸೀರಿಯಲ್ ನಂಬರ್ ಬರೆದ ಬಿಲ್ ಕೇಳಿ ಪಡೆಯಿರಿ. ಕೊಂಡ ಮೇಲೆ ಲಾಕ್ ಹೊರಬಿದ್ದರೆ ಮಾರಿದವರ ಮೂಲಕ ಹಳೆಯ ಕಂಪನಿಯನ್ನು ಕೇಳಲು ಅದೇ ಆಧಾರ.

ಕೊನೆಯ ಮಾತು ಐ.ಟಿ. ವಿಭಾಗದವರಿಗೆ. ಡೇಟಾ ಅಳಿಸಿದ ಪ್ರಮಾಣಪತ್ರವನ್ನು ಜೋಪಾನವಾಗಿ ಫೈಲ್ ಮಾಡುವ ನೀವು, ಲಾಟ್ ಹೊರಹೋಗುವ ದಿನವೇ ಆ ಯಂತ್ರಗಳನ್ನು ನಿಮ್ಮ ನೋಂದಣಿಯಿಂದಲೂ ತೆಗೆದುಬಿಡಿ. ಕೊಂಡವರ ಕೈಲಿ ಆಗದ ಆ ಕೆಲಸ ನಿಮ್ಮ ಕಂಪ್ಯೂಟರಿನಲ್ಲಿ ಕೆಲವೇ ಕ್ಲಿಕ್ಕುಗಳಲ್ಲಿ ಮುಗಿಯುತ್ತದೆ.