ಪದವಿಯ ಆಚೆಯ ಬಾಗಿಲನ್ನು ಮೊದಲು ನೋಡಿರಿ

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದೊಡನೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ‘ಯಾವ ಕಾಲೇಜು?’ ನೆರೆಮನೆಯ ಹುಡುಗ ಯಾವ ಕಾಲೇಜಿಗೆ ಹೋದ, ಸಂಘದ ಅಧ್ಯಕ್ಷರ ಮಗಳಿಗೆ ಎಲ್ಲಿ ಸೀಟು ದೊರೆಯಿತು, ಯಾವ ಕಾಲೇಜಿನ ಹೆಸರು ಹೇಳಿದರೆ ನಾಲ್ಕು ಜನ ತಲೆದೂಗುತ್ತಾರೆ ಎಂಬ ವಿಚಾರವೇ ಎಲ್ಲೆಲ್ಲೂ ನಡೆಯುತ್ತದೆ. ಈ ಪ್ರಶ್ನೆ ತಪ್ಪಲ್ಲ, ಆದರೆ ಅದು ಅರ್ಧ ಪ್ರಶ್ನೆ. ಉಳಿದ ಅರ್ಧ ಯಾವುದೆಂದರೆ, ಪದವಿ ಕೈಗೆ ಬಂದ ಮೇಲೆ ಹುಡುಗ ಅಥವಾ ಹುಡುಗಿ ಯಾವ ಬಾಗಿಲನ್ನು ತಟ್ಟಬೇಕೆಂದಿದ್ದಾರೆ, ಮತ್ತು ಇಂದು ಆರಿಸಿಕೊಳ್ಳುವ ಪದವಿ ಆ ಬಾಗಿಲಿನವರೆಗೆ ಅವರನ್ನು ಕೊಂಡೊಯ್ಯುವುದೇ ಎಂಬುದು.

ನಮ್ಮ ಹಿಂದಿನ ತಲೆಮಾರಿಗೆ ಈ ಚಿಂತೆ ಇರಲಿಲ್ಲ. ಊರು ಬಿಟ್ಟು ಬಂದು ಹಗಲು ಹೊಟೇಲಿನಲ್ಲಿ ಮಾಣಿಯಾಗಿ ದುಡಿದು, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಓದಿದವರಿಗೆ ಒಂದು ಪದವಿ ಎಂಬುದೇ ಕೊನೆಯ ಮೆಟ್ಟಿಲಾಗಿತ್ತು. ಲೆಕ್ಕಪತ್ರ ಬಲ್ಲವನಿಗೆ ಎಲ್ಲಿಯೂ ಅನ್ನವುಂಟೆಂಬ ನಂಬಿಕೆಯಿಂದ ಹೆಚ್ಚಿನವರು ಬಿ.ಕಾಂ. ಹಿಡಿದರು, ಅದು ಆ ಕಾಲಕ್ಕೆ ಸರಿಯಾಗಿಯೇ ಇತ್ತು. ಈಗ ಅವರ ಮಕ್ಕಳು ಮತ್ತು ಮೊಮ್ಮಕ್ಕಳು ವಕೀಲರಾಗಬೇಕು, ಅಧ್ಯಾಪಕರಾಗಬೇಕು, ಸಂಶೋಧಕರಾಗಬೇಕು ಎನ್ನುತ್ತಿದ್ದಾರೆ. ಅವರ ಪಾಲಿಗೆ ಪದವಿಯು ಮನೆಯಲ್ಲ, ಜಗಲಿ. ಜಗಲಿಯನ್ನು ಕಟ್ಟುವಾಗಲೇ ಬಾಗಿಲು ಯಾವ ಕಡೆಗೆಂದು ನೋಡದಿದ್ದರೆ ಮೂರು ವರ್ಷದ ಕಾಲವೂ ತಂದೆಯ ದುಡಿಮೆಯೂ ವ್ಯರ್ಥವಾಗುತ್ತವೆ. ಹಣವಂತರು ಮತ್ತೊಮ್ಮೆ ಮೊದಲಿನಿಂದ ಆರಂಭಿಸಬಲ್ಲರು. ನಮ್ಮಲ್ಲಿ ಬಹುಮಂದಿಗೆ ಆ ಅನುಕೂಲವಿಲ್ಲ.

ಎರಡು ಬಾಗಿಲು, ಎರಡು ಕೀಲಿಕೈ

ಮೊಟ್ಟಮೊದಲು ತಿಳಿದಿರತಕ್ಕ ವಿಷಯ ಒಂದಿದೆ. ಕಾನೂನಿನ ಬಾಗಿಲು ಪದವಿಯ ವಿಷಯ ಯಾವುದೆಂದು ಕೇಳುವುದಿಲ್ಲ. ಸ್ನಾತಕೋತ್ತರ ಅಧ್ಯಯನದ ಬಾಗಿಲು ಬಹುತೇಕ ಅದನ್ನೇ ಕೇಳುತ್ತದೆ. ಇತಿಹಾಸ ಓದಿದವನೂ ರಸಾಯನಶಾಸ್ತ್ರ ಓದಿದವಳೂ ಮೂರು ವರ್ಷದ ಎಲ್‌ಎಲ್.ಬಿ. ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತುಕೊಳ್ಳಬಹುದು. ಆದರೆ ಬಿ.ಕಾಂ. ಮುಗಿಸಿದವನು ತನಗೆ ಭೌತಶಾಸ್ತ್ರದ ಮೇಲೆ ಪ್ರೀತಿ ಹುಟ್ಟಿತೆಂದು ಎಂ.ಎಸ್ಸಿ. ಭೌತಶಾಸ್ತ್ರಕ್ಕೆ ಹೋಗಲಾರನು. ಆದುದರಿಂದ ಕಾನೂನಿನ ಕಡೆಗೆ ಮನಸ್ಸಿದ್ದವರು ವಿಷಯದ ಹೆಸರಿಗಿಂತ ಕಲಿಕೆಯ ಗುಣವನ್ನು ನೋಡಬೇಕು. ಸ್ನಾತಕೋತ್ತರದ ಕಡೆಗೆ ಮನಸ್ಸಿದ್ದವರು ಕಾಲೇಜಿನ ಹೆಸರಿಗಿಂತ ವಿಷಯವನ್ನು ನೋಡಬೇಕು. ಇವೆರಡನ್ನು ತಲೆಕೆಳಗು ಮಾಡಿಕೊಂಡು ಕಷ್ಟಕ್ಕೆ ಸಿಕ್ಕಿದ ಮಕ್ಕಳು ನಮ್ಮ ಕಾರ್ಯಾಲಯಕ್ಕೆ ಸಲಹೆ ಕೇಳಿ ಬರುವುದುಂಟು.

ಐದು ವರ್ಷವೋ, ಮೂರು ಕೂಡಿಸಿ ಮೂರೋ?

ಕಾನೂನಿಗೆ ಹೋಗಲು ದಾರಿಗಳು ಎರಡು. ಹನ್ನೆರಡನೆಯ ತರಗತಿಯಾದೊಡನೆ ಐದು ವರ್ಷದ ಜಂಟಿ ಪದವಿಗೆ ಸೇರುವುದು ಒಂದು; ಯಾವುದಾದರೊಂದು ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್.ಬಿ. ಓದುವುದು ಇನ್ನೊಂದು. ಐದು ವರ್ಷದ ಓದಿಗೆ ದೇಶದಲ್ಲಿ ಹೆಸರು ತಂದುಕೊಟ್ಟ ಸಂಸ್ಥೆ ನಮ್ಮ ಬೆಂಗಳೂರಿನದೇ. 1986ರ ಶಾಸನದಂತೆ ಹುಟ್ಟಿದ ರಾಷ್ಟ್ರೀಯ ಕಾನೂನು ಶಾಲೆಯ ಮಾದರಿಯಲ್ಲಿ ಈಗ ಅನೇಕ ರಾಜ್ಯಗಳಲ್ಲಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿವೆ, ಮುಂಬಯಿಯಲ್ಲಿಯೂ ಒಂದಿದೆ. ಇವುಗಳಲ್ಲಿ ಹೆಚ್ಚಿನವಕ್ಕೆ 2008ರಿಂದ ‘ಕ್ಲಾಟ್’ ಎಂಬ ಒಂದೇ ಪ್ರವೇಶ ಪರೀಕ್ಷೆ ನಡೆಯುತ್ತಿದೆ. ಎರಡು ಗಂಟೆಗಳಲ್ಲಿ 120 ಪ್ರಶ್ನೆಗಳು. ಕಾನೂನನ್ನು ಮೊದಲೇ ಬಲ್ಲವರಾಗಿರಬೇಕೆಂದು ಆ ಪರೀಕ್ಷೆ ಬಯಸುವುದಿಲ್ಲ. ಕೊಟ್ಟ ಗದ್ಯಭಾಗವನ್ನು ಬೇಗನೆ ಓದಿ, ಅರ್ಥಮಾಡಿಕೊಂಡು, ತರ್ಕಿಸುವ ಶಕ್ತಿಯನ್ನು ಅಳೆಯುತ್ತದೆ. ದಿನವೂ ಪತ್ರಿಕೆ ಓದುವ ಅಭ್ಯಾಸವಿದ್ದ ಮಗುವಿಗೆ ಇದು ಅಸಾಧ್ಯವಲ್ಲ.

ಇಲ್ಲಿ ನಮ್ಮವರು ತಿಳಿಯಬೇಕಾದ ಒಂದು ಸೂಕ್ಷ್ಮವಿದೆ. ಬೆಂಗಳೂರಿನ ಕಾನೂನು ಶಾಲೆ 2021ರಿಂದ ಕರ್ನಾಟಕದ ವಿದ್ಯಾರ್ಥಿಗಳಿಗೆಂದು ನೂರಕ್ಕೆ 25ರಷ್ಟು ಸ್ಥಾನಗಳನ್ನು ಇರಿಸಿದೆ. ಆದರೆ ಕರ್ನಾಟಕದ ವಿದ್ಯಾರ್ಥಿ ಎನ್ನಿಸಿಕೊಳ್ಳಲು ಆ ರಾಜ್ಯದ ಶಾಲೆಗಳಲ್ಲಿ ಹತ್ತು ವರ್ಷಕ್ಕೆ ಕಡಿಮೆಯಿಲ್ಲದೆ ಓದಿರಬೇಕು. ಮನೆಮಾತು ಕನ್ನಡವಾಗಿರುವುದಾಗಲಿ, ಊರಿನಲ್ಲಿ ತರವಾಡು ಮನೆ ಇರುವುದಾಗಲಿ ಸಾಲದು. ಮುಂಬಯಿಯಲ್ಲಿ ಹುಟ್ಟಿ ಇಲ್ಲಿಯೇ ಓದಿದ ನಮ್ಮ ಮಕ್ಕಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಅವರು ಮಹಾರಾಷ್ಟ್ರದ ವಾಸಿಗಳಿಗೆ ಮೀಸಲಾದ ಸ್ಥಾನಗಳನ್ನು ನೋಡಿಕೊಳ್ಳತಕ್ಕದ್ದು. ಅದಕ್ಕೆ ಬೇಕಾದ ಡೊಮಿಸೈಲ್ ದಾಖಲೆಯನ್ನು ಪ್ರವೇಶದ ಗಡಿಬಿಡಿ ಆರಂಭವಾಗುವ ಮೊದಲೇ ಮಾಡಿಸಿಟ್ಟುಕೊಳ್ಳುವುದು ಲೇಸು.

1855ರಲ್ಲಿ ಸ್ಥಾಪಿತವಾದ ಮುಂಬಯಿಯ ಸರಕಾರಿ ಕಾನೂನು ಕಾಲೇಜು, 1924ರಲ್ಲಿ ಆರಂಭವಾದ ಪುಣೆಯ ಐ.ಎಲ್.ಎಸ್. ಕಾಲೇಜು ಇವೆರಡರಲ್ಲಿ ಐದು ವರ್ಷದ ಓದೂ ಇದೆ, ಮೂರು ವರ್ಷದ್ದೂ ಇದೆ. ಪ್ರವೇಶ ರಾಜ್ಯದ ಸಿ.ಇ.ಟಿ. ಪರೀಕ್ಷೆಯ ಮೂಲಕ. ಭಾರತೀಯ ಬಾರ್ ಕೌನ್ಸಿಲಿನ 2008ರ ನಿಯಮಗಳ ಪ್ರಕಾರ ಸಾಮಾನ್ಯ ವರ್ಗದವರಿಗೆ ಅರ್ಹತೆ ಪರೀಕ್ಷೆಯಲ್ಲಿ ನೂರಕ್ಕೆ 45, ಹಿಂದುಳಿದ ವರ್ಗದವರಿಗೆ 42, ಪರಿಶಿಷ್ಟರಿಗೆ 40 ಅಂಕಗಳು ಬೇಕು. ‘ಎಲ್‌ಎಲ್.ಬಿ.ಗೆ ಬರೇ ಪದವಿ ಸಾಕು, ಅಂಕ ಎಷ್ಟಾದರೇನು’ ಎಂಬ ಹಳೆಯ ಮಾತು ಈಗ ನಡೆಯದು.

ಯಾವ ದಾರಿ ಒಳ್ಳೆಯದು? ಮನಸ್ಸು ದೃಢವಾಗಿದ್ದವರಿಗೆ ಐದು ವರ್ಷದ್ದು ಲಾಭ. ಒಂದು ವರ್ಷ ಉಳಿಯುತ್ತದೆ. ಆದರೆ ಹದಿನೇಳರ ಹರೆಯದಲ್ಲಿ ಎಷ್ಟು ಮಂದಿಯ ಮನಸ್ಸು ದೃಢವಾಗಿರುತ್ತದೆ? ಸಿನಿಮಾದ ವಕೀಲನನ್ನು ನೋಡಿ ಮಾಡಿದ ನಿರ್ಧಾರ ಎರಡನೆಯ ವರ್ಷದಲ್ಲಿ ಸಡಿಲಾದರೆ, ಜಂಟಿ ಪದವಿಯನ್ನು ನಡುವಿನಲ್ಲಿ ಒಡೆದು ಒಂದು ಪದವಿ ಕೊಟ್ಟು ಕಳುಹಿಸಲು ಬಾರ್ ಕೌನ್ಸಿಲಿನ ನಿಯಮಗಳು ಒಪ್ಪುವುದಿಲ್ಲ. ಮೂರು ಕೂಡಿಸಿ ಮೂರರ ದಾರಿ ಉದ್ದವಾದರೂ ನಡುವೆ ಒಂದು ತಂಗುದಾಣವಿದೆ. ಪದವಿ ಕೈಯಲ್ಲಿರುತ್ತದೆ, ಮನೆಯಲ್ಲಿ ಕಷ್ಟ ಬಂದರೆ ದುಡಿಮೆಗೆ ಇಳಿಯಬಹುದು, ಎರಡು ವರ್ಷ ಬಿಟ್ಟು ಮತ್ತೆ ಕಾನೂನಿಗೆ ಹೋಗಬಹುದು. ತಂದೆಯೊಬ್ಬನೇ ದುಡಿಯುವ ಮನೆಗೆ ನಾವು ಈ ಎರಡನೆಯ ದಾರಿಯನ್ನೇ ಸೂಚಿಸುತ್ತೇವೆ.

ಎಂಥ ಕಾಲೇಜು, ಎಂಥ ವಿಷಯ?

1855ರಲ್ಲಿ ಹೊನ್ನಾವರದಲ್ಲಿ ಜನಿಸಿದ ನಾರಾಯಣ ಗಣೇಶ ಚಂದಾವರ್ಕರರು ಮುಂಬಯಿಗೆ ಬಂದು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದರು. 1881ರಲ್ಲಿ ಕಾನೂನು ಪದವಿ ಪಡೆಯುವ ಮೊದಲೇ ‘ಇಂದುಪ್ರಕಾಶ’ ಪತ್ರಿಕೆಯ ಇಂಗ್ಲಿಷ್ ವಿಭಾಗದ ಸಂಪಾದಕರಾಗಿ ಲೇಖನಿಯನ್ನು ಹರಿತಮಾಡಿಕೊಂಡಿದ್ದರು. ಮುಂದೆ ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ಡಾ. ಅಂಬೇಡ್ಕರರು ಅದೇ ಕಾಲೇಜಿನಲ್ಲಿ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರಗಳನ್ನು ಓದಿ, ನ್ಯೂಯಾರ್ಕಿನಲ್ಲಿ ಅರ್ಥಶಾಸ್ತ್ರವನ್ನೇ ಮುಂದುವರಿಸಿ, ಲಂಡನ್ನಿನಲ್ಲಿ ಬ್ಯಾರಿಸ್ಟರಾಗಿ, 1935ರಲ್ಲಿ ಮುಂಬಯಿಯ ಸರಕಾರಿ ಕಾನೂನು ಕಾಲೇಜಿನ ಪ್ರಾಂಶುಪಾಲರಾದರು. ಇವರಿಬ್ಬರ ವಕೀಲಿಕೆಯ ಹಿಂದೆ ಇದ್ದುದು ಓದುವ, ಬರೆಯುವ, ವಾದಿಸುವ ಶಿಸ್ತು.

ಆದುದರಿಂದ ಕಾಲೇಜಿಗೆ ಹೋದಾಗ ಕಟ್ಟಡದ ಎತ್ತರವನ್ನು ನೋಡುವ ಬದಲು ಗ್ರಂಥಾಲಯದಲ್ಲಿ ಮಕ್ಕಳು ಕುಳಿತಿರುವರೋ ಇಲ್ಲವೋ ನೋಡಿರಿ. ವರ್ಷಕ್ಕೆ ಎಷ್ಟು ಪ್ರಬಂಧ ಬರೆಯಿಸುತ್ತಾರೆ, ಅದನ್ನು ತಿದ್ದಿ ಹಿಂದಕ್ಕೆ ಕೊಡುತ್ತಾರೆಯೇ, ಚರ್ಚಾಕೂಟವಿದೆಯೇ, ಖಾಯಂ ಅಧ್ಯಾಪಕರೆಷ್ಟು ಮಂದಿ ಎಂದು ವಿಚಾರಿಸಿರಿ. ಎರಡನೆಯ ಮತ್ತು ಮೂರನೆಯ ವರ್ಷದ ವಿದ್ಯಾರ್ಥಿಗಳನ್ನು ಚಹಾಕ್ಕೆ ಕರೆದು ಕೇಳಿದರೆ ಕಾಲೇಜಿನ ಮಾಹಿತಿ ಪುಸ್ತಕ ಹೇಳದ ಸಂಗತಿಗಳು ಹೊರಬೀಳುತ್ತವೆ.

ವಿಷಯಗಳಲ್ಲಿ ಯಾವುದೂ ಕಾನೂನಿಗೆ ಅಡ್ಡಿಯಲ್ಲ. ಪ್ರತಿಯೊಂದಕ್ಕೂ ಒಂದೊಂದು ಪ್ರಯೋಜನವಿದೆ. ವಾಣಿಜ್ಯ ಓದಿದವನಿಗೆ ತೆರಿಗೆ ಮತ್ತು ಕಂಪೆನಿಗಳ ಕಾನೂನು ಸುಲಭವಾಗುತ್ತದೆ. ರಾಜ್ಯಶಾಸ್ತ್ರ, ಇತಿಹಾಸ ಓದಿದವನಿಗೆ ಸಂವಿಧಾನದ ಪರಿಚಯ ಬೇಗ ಆಗುತ್ತದೆ. ವಿಜ್ಞಾನ ಓದಿದವರು ಕಾನೂನಿಗೆ ಬರುವುದು ವ್ಯರ್ಥವೆಂದು ತಿಳಿಯುವವರಿದ್ದಾರೆ. ಪೇಟೆಂಟ್ ಏಜೆಂಟರಾಗಲು ವಿಜ್ಞಾನ, ಇಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿಯೇ ಬೇಕೆಂದು ಪೇಟೆಂಟ್ ಕಾಯಿದೆ ವಿಧಿಸಿದೆಯೆಂಬುದನ್ನು ಅವರು ಗಮನಿಸಲಿ.

ಭಾಷೆಯ ಮಾತನ್ನೂ ಹೇಳಿಬಿಡುತ್ತೇವೆ. ಉಚ್ಚ ನ್ಯಾಯಾಲಯದಲ್ಲಿ ಇಂಗ್ಲಿಷ್ ನಡೆಯುತ್ತದೆ. ಆದರೆ ಮಹಾರಾಷ್ಟ್ರದ ಕೆಳ ನ್ಯಾಯಾಲಯಗಳಲ್ಲಿ ಮರಾಠಿಯ ಬಳಕೆ ಬಹಳ. ಇಲ್ಲಿ ವಕೀಲಿ ಮಾಡಬೇಕೆಂದಿರುವ ಕನ್ನಡದ ಮಗು ಮರಾಠಿಯನ್ನು ಬೀದಿಯ ಮಾತಿನಷ್ಟಕ್ಕೆ ಬಿಡದೆ, ದಸ್ತಾವೇಜು ಓದುವಷ್ಟು, ಅರ್ಜಿ ಬರೆಯುವಷ್ಟು ಕಲಿಯಬೇಕು. ಇದರಿಂದ ಕನ್ನಡಕ್ಕೆ ಕುಂದಿಲ್ಲ. ಊರಿನ ಜಮೀನು ವ್ಯಾಜ್ಯದ ಕಾಗದ ಹಿಡಿದು ಬರುವ ನಮ್ಮವರಿಗೆ ಕನ್ನಡ ಬಲ್ಲ ವಕೀಲನೇ ಬೇಕಾಗುತ್ತಾನೆ.

ದುಡಿಯುತ್ತ ಓದುವವರಿಗೆ ಎಚ್ಚರಿಕೆ

ಹೊಟೇಲು, ಕ್ಯಾಂಟೀನು, ಅಂಗಡಿಗಳಲ್ಲಿ ದುಡಿಯುವ ನಮ್ಮ ಹುಡುಗರು ಮುಕ್ತ ವಿಶ್ವವಿದ್ಯಾಲಯಗಳ ಮೂಲಕ ಪದವಿ ಪಡೆಯುತ್ತಿರುವುದು ಸಂತೋಷದ ಸಂಗತಿ. ಆದರೆ ಮುಂದೆ ಕಾನೂನು ಓದಬೇಕೆಂದಿದ್ದರೆ ಒಂದು ನಿಯಮ ನೆನಪಿರಲಿ. ಹತ್ತನೆಯದೂ ಹನ್ನೆರಡನೆಯದೂ ಕ್ರಮವಾಗಿ ಮುಗಿಸಿ ಆಮೇಲೆ ಅಂಚೆಯ ಮೂಲಕ ಇಲ್ಲವೆ ದೂರಶಿಕ್ಷಣದ ಮೂಲಕ ಪದವಿ ಪಡೆದವರಿಗೆ ಕಾನೂನು ಕಾಲೇಜು ತೆರೆದಿದೆ. ಬುನಾದಿಯ ಅರ್ಹತೆಯಿಲ್ಲದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದಿಂದ ಪದವಿ ಪಡೆದವರಿಗೆ ಅದು ತೆರೆದಿಲ್ಲ. ಹನ್ನೆರಡನೆಯದನ್ನು ಬಿಟ್ಟು ಹಾರಿದರೆ ಎರಡು ವರ್ಷ ಉಳಿಯಿತೆಂದು ಕಾಣುತ್ತದೆ. ಐದಾರು ವರ್ಷದ ಬಳಿಕ ಪ್ರವೇಶದ ಕಿಟಕಿಯಲ್ಲಿ ಅರ್ಜಿ ಹಿಂದಕ್ಕೆ ಬರುತ್ತದೆ. ಕಾನೂನಿನ ತರಗತಿಗಳೂ ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೆ ನಡೆಯಬೇಕೆಂದು ಅದೇ ನಿಯಮಗಳು ಹೇಳುವುದರಿಂದ ಹಿಂದಿನ ರಾತ್ರಿಶಾಲೆಯ ಕ್ರಮ ಇಲ್ಲಿಗೆ ಒದಗದು. ಬೆಳಗಿನ ತರಗತಿಯಿರುವ ಕಾಲೇಜನ್ನು ಹುಡುಕಿ, ಧಣಿಗಳೊಡನೆ ಪಾಳಿಯ ಮಾತನ್ನು ಮೊದಲೇ ಆಡಿಕೊಳ್ಳುವುದು ಉತ್ತಮ. ಹೊಟೇಲಿನ ಧಣಿಗಳಲ್ಲಿ ನಮ್ಮ ಪ್ರಾರ್ಥನೆಯೂ ಇಷ್ಟೆ: ಓದುವ ಹುಡುಗನಿಗೆ ಬೆಳಗಿನ ಪಾಳಿ ತಪ್ಪಿಸಿಕೊಟ್ಟರೆ ನಿಮ್ಮ ಗಲ್ಲಾಪೆಟ್ಟಿಗೆಗೆ ಬರುವ ನಷ್ಟ ಅಲ್ಪ.

ಸ್ನಾತಕೋತ್ತರದ ದಾರಿ

ಎಂ.ಎ., ಎಂ.ಎಸ್ಸಿ. ಮತ್ತು ಸಂಶೋಧನೆಯ ಆಸೆಯುಳ್ಳವರ ಲೆಕ್ಕ ಬೇರೆ. ಐ.ಐ.ಟಿ.ಗಳ ಎಂ.ಎಸ್ಸಿ.ಗೆ ‘ಜಾಮ್’ ಎಂಬ ಪರೀಕ್ಷೆಯುಂಟು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಅರ್ಥಶಾಸ್ತ್ರ ಮೊದಲಾದ ವಿಷಯಗಳಲ್ಲಿ ಅದು ನಡೆಯುತ್ತದೆ. ಪದವಿಯ ಮೂರು ವರ್ಷಗಳಲ್ಲಿ ಆ ವಿಷಯವನ್ನು ಆಳವಾಗಿ ಕಲಿಸುವ, ಪ್ರಯೋಗಶಾಲೆಯ ಬೀಗ ತೆಗೆದಿಡುವ ಕಾಲೇಜೇ ಒಳ್ಳೆಯ ಕಾಲೇಜು. ಎಂ.ಎ. ಅರ್ಥಶಾಸ್ತ್ರದ ಒಳ್ಳೆಯ ಸಂಸ್ಥೆಗಳು ಗಣಿತವನ್ನು ಬಲವಾಗಿ ಬಯಸುತ್ತವೆ. ಹನ್ನೊಂದನೆಯ ತರಗತಿಯಲ್ಲಿಯೇ ಗಣಿತ ಬಿಟ್ಟವರು ಆಮೇಲೆ ಪರಿತಪಿಸುತ್ತಾರೆ. ಕನ್ನಡವನ್ನೇ ಮುಂದೆ ಓದಬಯಸುವವರಿಗೆ ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ.

ಹೊಸ ಶಿಕ್ಷಣ ನೀತಿಯಂತೆ ಪದವಿ ಮೂರು ವರ್ಷಕ್ಕೂ ಮುಗಿಯುತ್ತದೆ, ನಾಲ್ಕಕ್ಕೂ ಮುಂದುವರಿಯುತ್ತದೆ. ನಾಲ್ಕು ಓದಿದವರಿಗೆ ಸ್ನಾತಕೋತ್ತರ ಒಂದೇ ವರ್ಷದಲ್ಲಿ ಮುಗಿಯಬಹುದು. ನೂರಕ್ಕೆ 75 ಅಂಕ ಗಳಿಸಿದವರು ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ ತಿಳಿಸಿದೆ. ಸಂಶೋಧನೆಯ ಆಸೆಯಿದ್ದರೆ ನಾಲ್ಕನೆಯ ವರ್ಷ ಸಾರ್ಥಕ. ಕಾನೂನಿಗೆ ಹೋಗುವವರಿಗೆ ಮೂರು ವರ್ಷದ ಪದವಿಯೇ ಸಾಕಾಗಿರುವಾಗ ಆ ನಾಲ್ಕನೆಯ ವರ್ಷದ ಖರ್ಚು ಬೇಡ.

ಗಂಟನ್ನು ಮೊದಲೇ ಬಿಚ್ಚಬೇಡಿರಿ

ಖರ್ಚಿನ ವಿಷಯದಲ್ಲಿ ನಮ್ಮ ಮಾತು ನೇರವಾಗಿದೆ. ಮುಂಬಯಿಯ ಅನೇಕ ಕಾಲೇಜುಗಳಲ್ಲಿ ಸರಕಾರದ ಅನುದಾನವುಳ್ಳ ಬಿ.ಎ., ಬಿ.ಎಸ್ಸಿ., ಬಿ.ಕಾಂ. ತರಗತಿಗಳೂ, ಅದೇ ಕಟ್ಟಡದಲ್ಲಿ ಅನುದಾನವಿಲ್ಲದ ಬಿ.ಎಂ.ಎಸ್. ಮುಂತಾದ ತರಗತಿಗಳೂ ನಡೆಯುತ್ತವೆ. ಎರಡರ ಶುಲ್ಕಕ್ಕೂ ಅಜಗಜಾಂತರ. ಕಾನೂನಿನ ಬಾಗಿಲಲ್ಲಿ ಎರಡಕ್ಕೂ ಬೆಲೆ ಒಂದೇ. ಕಾನೂನು ಪದವಿ ಮುಗಿದ ಮೇಲೆಯೂ ಖರ್ಚು ಮುಗಿಯುವುದಿಲ್ಲ. ವಕೀಲರ ಪಟ್ಟಿಯಲ್ಲಿ ಹೆಸರು ಬರೆಯಿಸಬೇಕು. ಸಾಮಾನ್ಯ ವರ್ಗದವರಿಂದ ಕಾಯಿದೆಯಲ್ಲಿ ಹೇಳಿದ 750 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ವಸೂಲು ಮಾಡಕೂಡದೆಂದು 2024ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟುದು ಬಡವರಿಗೆ ಉಪಕಾರವಾಯಿತು. ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಬೇಕು. ಹಿರಿಯ ವಕೀಲರ ಕೈಕೆಳಗೆ ಮೊದಲಿನ ವರ್ಷಗಳ ಸಂಪಾದನೆ ಬಸ್ಸು ರೈಲಿಗೆ ಸಾಲುವಷ್ಟಿದ್ದರೆ ಭಾಗ್ಯ. ಕೆಳ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆ ಬೇಕೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆ ಬರಗಾಲದ ವರ್ಷಗಳಿಗೆ ಮನೆಯಲ್ಲಿ ನಾಲ್ಕು ಕಾಸು ಉಳಿದಿರಬೇಕು. ಪದವಿಯ ಕಾಲೇಜಿಗೇ ಗಂಟೆಲ್ಲ ಸುರಿದವರ ಮಕ್ಕಳು ಕರಿಯ ಕೋಟು ಹೊಲಿಸಿದ ಆರು ತಿಂಗಳಲ್ಲಿ ಅದನ್ನು ಗೂಟಕ್ಕೆ ತಗುಲಿಹಾಕಿ ಬೇರೆ ನೌಕರಿ ಹಿಡಿಯುತ್ತಾರೆ. ಆದುದರಿಂದ ಮನೆಗೆ ಹತ್ತಿರದ, ಅನುದಾನದ, ಒಳ್ಳೆಯ ಅಧ್ಯಾಪಕರಿರುವ ಕಾಲೇಜು ಸಿಕ್ಕಿದರೆ ದೂರದ ದೊಡ್ಡ ಹೆಸರಿಗಾಗಿ ಸಾಲ ಮಾಡಬೇಕಾಗಿಲ್ಲ. ಈ ಮಾತು ಗಂಡುಮಕ್ಕಳಿಗೆಷ್ಟೋ ಹೆಣ್ಣುಮಕ್ಕಳಿಗೂ ಅಷ್ಟೇ. ಗಂಟು ಚಿಕ್ಕದೆಂದು ಮಗಳ ಓದನ್ನು ಪದವಿಗೇ ನಿಲ್ಲಿಸಿ ಮಗನದನ್ನು ಮುಂದುವರಿಸುವ ಪದ್ಧತಿ ಇನ್ನಾದರೂ ಸಾಕಾಗಲಿ.

ಕೊನೆಯದಾಗಿ ನಮ್ಮ ಸಂಘಸಂಸ್ಥೆಗಳಲ್ಲಿ ಒಂದು ವಿಜ್ಞಾಪನೆ. ಪ್ರತಿವರ್ಷ ಹೆಚ್ಚು ಅಂಕ ಗಳಿಸಿದವರಿಗೆ ಹಾರ, ಶಾಲು, ಬಹುಮಾನ ಕೊಟ್ಟು ಸನ್ಮಾನಿಸುತ್ತೀರಿ, ಅದು ನಡೆಯಲಿ. ಅದರೊಡನೆ ಫಲಿತಾಂಶಕ್ಕೆ ಮೊದಲು ಒಂದು ಭಾನುವಾರ ಸಭಾಗೃಹದಲ್ಲಿ ನಮ್ಮವರೇ ಆದ ವಕೀಲರನ್ನೂ ಅಧ್ಯಾಪಕರನ್ನೂ ಕೂರಿಸಿ, ಹನ್ನೆರಡನೆಯ ತರಗತಿಯ ಮಕ್ಕಳನ್ನು ತಂದೆತಾಯಿಗಳೊಡನೆ ಕರೆಸಿರಿ. ಭಾಷಣ ಬೇಡ, ಮಕ್ಕಳು ಕೇಳಲಿ, ಬಲ್ಲವರು ಹೇಳಲಿ. ತೊಂಬತ್ತು ಅಂಕ ಬಂದವನಿಗೆ ದಾರಿ ಹೇಗೂ ಸಿಕ್ಕುತ್ತದೆ. ಐವತ್ತೈದು ಬಂದು, ಕೇಳಲು ಸಂಕೋಚಪಟ್ಟು, ಗೆಳೆಯನು ಸೇರಿದ ಕಡೆಗೇ ಸೇರಿಬಿಡುವ ಹುಡುಗನಿಗೆ ಆ ಒಂದು ಭಾನುವಾರ ಮುಂದಿನ ಆರು ವರ್ಷವನ್ನು ಉಳಿಸಿಕೊಟ್ಟೀತು.